ಎಂಬತ್ತನಾಲ್ಕನೇ ಬಿಲ್ಲೆ

ಬೆಳಿಗ್ಗೆ ಗಣಿ ಕಚೇರಿ ತೆರೆದಾಗ ತಿಜೋರಿಯ ಬಾಗಿಲನ್ನು ಯಾರೋ ಮೀಟಿದ್ದರು. ಒಳಗೆ ಒಂದು ಸೋಮ್ ನೋಟು ಕೂಡ ಇರಲಿಲ್ಲ.

ಕಲ್ಲಿದ್ದಲು ಕೊಂಡವರು ದುಡ್ಡು ಕೊಡದೆ ಗಣಿ ಕುಂಟುತ್ತಿತ್ತು. ನಾಲ್ಕು ತಿಂಗಳು ಕಾದ ಮೇಲೆ, ನಿನ್ನೆ ಮಧ್ಯಾಹ್ನ, ಒಂದು ತಿಂಗಳ ಸಂಬಳ ಬಂದಿತ್ತು. ಇವತ್ತು ಹಂಚಬೇಕಿತ್ತು. ನೂರಿಪ್ಪತ್ತು ಮನೆಗಳಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ತಿಜೋರಿಯ ಬುಡದಲ್ಲಿ ಗಣಿ ಕೆಲಸಗಾರನ ಹಿತ್ತಾಳೆ ಬಿಲ್ಲೆಯೊಂದು ಬಿದ್ದಿತ್ತು. ನಂಬರು ಎಂಬತ್ತನಾಲ್ಕು.

"ನೀರಿನ ಪಂಪ್ ನೋಡೋ ತುರ್ದುಬೆಕ್‌ದು," ಅಂದ ಲೆಕ್ಕಿಗ ಮಾರ್ಲೆನ್. ಅವನು ರಾಜಧಾನಿ ಬಿಷ್ಕೆಕ್‌ನಿಂದ ಬಂದು ಮೂರೇ ತಿಂಗಳು. "ಕೊಡದಿದ್ರೆ ನಾನೇ ತಗೋತೀನಿ ಅಂತ ಮೊನ್ನೆ ಕೂಗಾಡಿದ್ದ. ಇನ್ನೇನು ಸಾಕ್ಷಿ ಬೇಕು ಮೇಡಂ?"

ಪೊಲೀಸ್ ಕ್ಯಾಪ್ಟನ್ ಸಾಬಿರಾ ಬಗ್ಗಿದಳು. ಬಿಲ್ಲೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡಳು. ಅವಳು ಇದೇ ಗಣಿಯ ಕೆಲಸಗಾರನ ಮಗಳು.

* * *

ತುರ್ದುಬೆಕ್‌ನನ್ನು ಅಂಗಳಕ್ಕೆ ತಂದಾಗ ಕಲ್ಲಿದ್ದಲಿನ ಹೆಂಟೆಯೊಂದು ಹಾರಿಬಂದು ಅವನ ಭುಜಕ್ಕೆ ಬಡಿಯಿತು.

"ನನ್ ಮಕ್ಕಳ ರೊಟ್ಟಿ ಕದ್ಯಲ್ಲೋ, ನಾಯಿ!"

ಗುಂಪು ಮುನ್ನುಗ್ಗಿತು. ಸಾಬಿರಾ ಅಡ್ಡ ನಿಂತಳು. "ನಿನ್ನೆ ಎಲ್ಲಿದ್ದೆ?"

"ಕೆಳಗೆ, ಪಂಪ್ ಹತ್ರ. ಬೆಳಿಗ್ಗೆಯಿಂದ ಆರರವರೆಗೂ."

"ಯಾರು ನೋಡಿದ್ರು?"

"ನೀರು ನೋಡ್ತು ಅಕ್ಕಾ. ಪಂಪ್ ಹತ್ರ ಇನ್ಯಾರಿರ್ತಾರೆ?"

"ನಿನ್ ಬಿಲ್ಲೆ ಎಲ್ಲಿ?"

ಅವನು ದೀಪದ ಕೋಣೆಯ ಕಿಟಕಿಯತ್ತ ಒಮ್ಮೆ ನೋಡಿ ಬಾಯಿ ಮುಚ್ಚಿಕೊಂಡ. ಜೈಲು ಎದುರಿಗಿದ್ದರೂ ಯಾರನ್ನೋ ಕಾಪಾಡುತ್ತಿದ್ದಾನೆ, ಪೆದ್ದ, ಅಂದುಕೊಂಡಳು ಸಾಬಿರಾ.

* * *

ದೀಪದ ಕೋಣೆ ವಿಧವೆ ಬುರುಲ್‌ಳ ಸುಪರ್ದಿ. ಗಣಿಗೆ ಇಳಿಯುವವನು ಬಿಲ್ಲೆಯನ್ನು ಮೊಳೆಗೆ ಹಾಕಿ ಅದೇ ನಂಬರಿನ ದೀಪ ಒಯ್ಯುತ್ತಾನೆ. ಹತ್ತಿ ಬಂದು ದೀಪ ಕೊಟ್ಟರೆ ಬಿಲ್ಲೆ ವಾಪಸು. ಬುರುಲ್ ಚಹಾ ಬಗ್ಗಿಸುತ್ತಿದ್ದಳು.

"ಬುರುಲ್ ಅಕ್ಕ, ನಿನ್ನೆ ಎಂಬತ್ತನಾಲ್ಕನೇ ದೀಪ ಎಷ್ಟೊತ್ತಿಗೆ ಬಂತು?"

"ಆರಕ್ಕೆ."

"ಬಿಲ್ಲೆ ಕೊಟ್ಯಾ?"

ಮುದುಕಿ ಅಳತೊಡಗಿದಳು. "ಮೊಳೆ ಖಾಲಿ ಇತ್ತಮ್ಮ. ಗೊತ್ತಾದ್ರೆ ನನ್ ಕೆಲಸ ಹೋಗುತ್ತೆ. ಯಾರಿಗೂ ಹೇಳಲ್ಲ ಅಂದ, ಪಾಪ."

"ಮಧ್ಯಾಹ್ನ ಒಳಗೆ ಯಾರು ಬಂದಿದ್ರು?"

"ಲೆಕ್ಕದವರೊಬ್ರೇ. ಹಾಜರಿ ಎಣಿಸ್ತೀನಿ ಅಂದ್ರು. ನನ್ನ ಚಹಾಕ್ಕೆ ಕಳಿಸಿದ್ರು."

* * *

"ನಿಮ್ಮ ಕಾರಿನ ಡಿಕ್ಕಿ ತೆಗೀರಿ," ಅಂಗಳದಲ್ಲಿ ಮಾರ್ಲೆನ್‌ಗೆ ಅಂದಳು ಸಾಬಿರಾ.

ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಮಾರ್ಲೆನ್‌ಗೆ ಕೀಲಿ ಯಾವ ಜೇಬಿನಲ್ಲಿದೆಯೆಂಬುದೇ ಮರೆತುಹೋಯಿತು. ಡಿಕ್ಕಿಯಲ್ಲಿ ಕಲ್ಲಿದ್ದಲಿನ ಮೂಟೆಯೊಂದಿತ್ತು.

"ನಿಮ್ಮ ಫ್ಲಾಟಲ್ಲಿ ಕರೆಂಟ್ ಒಲೆ. ಕಲ್ಲಿದ್ದಲು ಯಾರಿಗೆ?"

ಮೂಟೆ ಸುರಿದರು. ನಾಲ್ಕು ಹೆಂಟೆಗಳ ಕೆಳಗೆ ನೋಟಿನ ಕಟ್ಟುಗಳು. ಗುಂಪಿನಲ್ಲಿ ಹೆಂಗಸೊಬ್ಬಳು ಜೋರಾಗಿ ಅತ್ತಳು.

"ದುಡ್ಡು ಬಂದಿದ್ದು ಮಧ್ಯಾಹ್ನ," ಅಂದಳು ಸಾಬಿರಾ. "ತುರ್ದುಬೆಕ್ ಬೆಳಿಗ್ಗೆನೇ ಇಳಿದಿದ್ದ, ದೀಪ ಬಂದಿದ್ದು ಆರಕ್ಕೆ. ಅಲ್ಲೀತನಕ ಅವನ ಬಿಲ್ಲೆ ಮೊಳೇಲಿ ಇರಬೇಕು, ಜೇಬಲ್ಲಲ್ಲ. ಆದ್ರೆ ಆರಕ್ಕೆ ಮೊಳೆ ಖಾಲಿ, ಅಂದ್ರೆ ಇನ್ಯಾರೋ ಎತ್ಕೊಂಡ್ರು. ಕೆಳಗಿರೋನ ಬಿಲ್ಲೇನ ಈ ಊರಿನ ಕಳ್ಳನೂ ಮುಟ್ಟಲ್ಲ ಮಾರ್ಲೆನ್. ಮುಟ್ಟಬಾರದು ಅಂತ ಗೊತ್ತಿಲ್ದೋನು ನೀನೊಬ್ನೇ."

"ಒಂದು ಹಿತ್ತಾಳೆ ಚೂರಿಗೆ ಇಷ್ಟೆಲ್ಲಾನಾ?"

"ಗಣಿ ಕುಸಿದಾಗ ನಮ್ಮಪ್ಪನ ಬಿಲ್ಲೆ ಮೂರು ದಿನ ಮೊಳೇಲೇ ಇತ್ತು. ಅದನ್ನ ನೋಡ್ಕೊಂಡೇ ಇವರೆಲ್ಲ ಅಗೆದ್ರು. ಅಪ್ಪ ಬದುಕಿ ಬಂದ. ನಿನ್ನೆ ಕುಸಿದಿದ್ರೆ ಇವನನ್ನ ಯಾರು ಹುಡುಕ್ತಿದ್ರು?"

ಮಾರ್ಲೆನ್ ತಲೆ ತಗ್ಗಿಸಿದ. ಹೆಂಟೆ ಎಸೆದವನು ಮುಂದೆ ಬಂದು ತುರ್ದುಬೆಕ್‌ನ ಭುಜದ ಮಸಿ ಒರೆಸಿದ.

ಗಣಿಯೊಳಗೆ ನೀರು ಏರುತ್ತಿತ್ತು, ಪಂಪ್ ಹತ್ತಿರ ಇಳಿಯಬೇಕಿತ್ತು. ತುರ್ದುಬೆಕ್ ಬಿಲ್ಲೆಗಾಗಿ ಸಾಬಿರಾಳ ಮುಂದೆ ಕೈ ಚಾಚಿದ. ಸಾಕ್ಷ್ಯದ ವಸ್ತು, ಕೊಡುವಂತಿಲ್ಲ. ಸಾಬಿರಾ ತಾನೇ ದೀಪದ ಕೋಣೆಗೆ ಹೋಗಿ ಅದನ್ನು ಮೊಳೆಗೆ ಹಾಕಿದಳು.

"ಆರಕ್ಕೆ ಬಂದು ತಗೋತೀನಿ," ಬುರುಲ್‌ಗೆ ಅಂದಳು. "ಅವನು ಹತ್ತಿ ಬಂದ್ಮೇಲೆ."