ಮಲ್ಲಾಜಮ್ಮನ ನಡುಮನೆಯ ಗಾಳಿ

ಕಂಪಲಾಪುರದ ಚಲುವರಾಜು ಒಂದು ಸಲ ಉಸಿರು ಬಿಗಿಹಿಡಿದು ಸೈಕಲ್ಲಿನಲ್ಲಿ ಪಿರಿಯಾಪಟ್ಟಣಕ್ಕೆ ಹೋಗಿ, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಸೆಟ್ ದೋಸೆ ತಿಂದು, ಕಾಫಿ ಕುಡಿದು, ವಾಪಸ್ ಊರು ಸೇರಿ ಅರಳಿಕಟ್ಟೆಯ ಮೇಲೆ ಕೂತ ಮೇಲೆಯೇ ಉಸಿರು ಬಿಟ್ಟದ್ದು. ಬಿಟ್ಟ ಆ ಉಸಿರಿಗೆ ಅರಳಿ ಮರದ ಎಲೆಯೆಲ್ಲ ಉದುರಿ, ಪಕ್ಕದಲ್ಲಿ ಬೀಡಿ ಹಚ್ಚುತ್ತಿದ್ದ ನಂಜಣ್ಣನ ಟವೆಲ್ಲು ಹಾರಿಹೋಗಿ ಕೆರೆ ಏರಿಯ ಮೇಲೆ ಸಿಕ್ಕಿತಂತೆ. ಉಸಿರು ಬಿಡದೆ ಕಾಫಿ ಆರಿಸಿಕೊಂಡದ್ದು ಹೇಗೆ ಎಂದು ಕೇಳಿದವರಿಗೆ ಚಲುವರಾಜು, "ಅದೇ ಕಣ್ಲಾ ಕಲೆ" ಎನ್ನುತ್ತಿದ್ದ.

ಇಂಥ ಗಂಡಸಿನ ಮನೆಯ ಗಾಳಿಯ ಮೇಲೆ ಹುಣಸೂರಿನ ಡಾಕ್ಟರೊಬ್ಬರು ಅನುಮಾನಪಟ್ಟರು. ಏಳು ತಲೆಮಾರಿಗೆ ಆಗದ ಅವಮಾನ ಅದು.

ಆದರೆ ಅನುಮಾನಕ್ಕೆ ಕಾರಣವಿತ್ತು. ಅವನ ಅವ್ವ ಮಲ್ಲಾಜಮ್ಮನಿಗೆ ಉಬ್ಬಸ. ನಡುಮನೆಯಿಂದ ಜಗಲಿಗೆ ಬರುವಷ್ಟರಲ್ಲಿ ಎರಡು ಕಡೆ ಕೂರಬೇಕು. ಕಾಲು ಚಾಚಿ ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. "ಮಾತ್ರೆ ಬದಲಿಸೋಕೆ ಮುಂಚೆ ಮನೆ ಗಾಳಿ ಪರೀಕ್ಷೆ ಮಾಡಿಸಿ. ಮೈಸೂರಲ್ಲಿ ಒಂದು ಲ್ಯಾಬ್ ಇದೆ, ಹಳೇ ಮನೆಗಳಿಗೆ ಬಂದು ನೋಡ್ತಾರೆ" ಎಂದ ಡಾಕ್ಟರು ಫೋನ್ ನಂಬರ್ ಕೊಟ್ಟರು.

ಎರಡು ಸಾವಿರದ ಮೂರನೇ ಇಸವಿ, ದಸರಾ ಕಳೆದ ಹೊಸತು. ಚಲುವರಾಜು ಬಸ್ ಸ್ಟಾಪಿನಲ್ಲಿ ಬಕ್ಕತಲೆಯ, ಕನ್ನಡಕದ ಒಬ್ಬ ಗಾಳಿ ಇಂಜಿನಿಯರಿಗಾಗಿ ಕಾಯುತ್ತಿದ್ದ. ಬಸ್ಸಿನಿಂದ ಇಳಿದದ್ದು ಹಸಿರು ಚೂಡಿದಾರದ ಹುಡುಗಿ, ಕೈಯಲ್ಲಿ ನೀಲಿ ಪೆಟ್ಟಿಗೆ.

"ಹೊಲಿಗೆ ಮಿಷಿನ್ ನಮ್ಮೂರಲ್ಲಿ ಯಾರೂ ತಗೊಳಲ್ಲ ಮೇಡಂ," ಅಂದ ಚಲುವರಾಜು. "ಇದೇ ಬಸ್ಸಿಗೆ ಹತ್ಕೊಬುಡಿ."

"ಸರಿ," ಅಂದಳು ಅವಳು. "ಹತ್ತೋಕೆ ಮುಂಚೆ ಇಲ್ಲಿ ಚಲುವರಾಜು ಅನ್ನೋರ ಮನೆ ಯಾವ್ದು ಹೇಳಿ. ಫೋನಲ್ಲಿ ಅರ್ಧ ಗಂಟೆ ಮಾತಾಡಿದ್ರು. ಗಾಳಿ ಬಗ್ಗೆ ಎರಡು ನಿಮಿಷ, ಉಳ್ದಿದ್ದೆಲ್ಲ ಅವ್ರ ಬಗ್ಗೆ."

ಹೇಳಿ ಕಣ್ಣೆತ್ತಿ ನೋಡಿದಳು. ತುಟಿ ನಗಲಿಲ್ಲ, ಹುಬ್ಬು ಮಾತ್ರ ಒಂದೆಳೆ ಮೇಲಕ್ಕೆ ಹೋಗಿ ಅಲ್ಲೇ ನಿಂತಿತು. ಆ ನೋಟಕ್ಕೆ ಇಡೀ ಪಿರಿಯಾಪಟ್ಟಣ ತಾಲ್ಲೂಕಿನ ಕರೆಂಟ್ ಹೋಯಿತು. ಕರೆಂಟು ದಿನಾ ಅದೇ ಹೊತ್ತಿಗೆ ಹೋಗುತ್ತಿತ್ತು, ಅದು ಬೇರೆ ಮಾತು.

ಹೆಸರು ಕಾವ್ಯಶ್ರೀ, ಊರು ಕೆ.ಆರ್. ನಗರ, ಕಸುಬು ಮನೆಗಳ ಒಳಗಿನ ಗಾಳಿ ಅಳೆಯುವುದು.

ಮನೆ ಚಲುವರಾಜುವಿನ ತಾತನ ಕಾಲದ್ದು: ಮಣ್ಣಿನ ಗೋಡೆ, ನಾಡಹೆಂಚು, ಹಜಾರ, ನಡುಮನೆ, ಅದಕ್ಕೆ ಅಂಟಿಕೊಂಡ ಅಡುಗೆಮನೆಯಲ್ಲಿ ಸೌದೆ ಒಲೆ. ನಡುಮನೆಯ ತುಂಬ ಬ್ಯಾರನ್ನಿನ ಬಿಸಿಗೂಡಿನಲ್ಲಿ ಬೇಯಿಸಿ ತಂದ ಹೊಗೆಸೊಪ್ಪಿನ ಬೇಲುಗಳು, ಅಂದರೆ ಬಿಗಿದು ಕಟ್ಟಿದ ಮೂಟೆಗಳು, ಮೇಲೆ ಕರಿ ಕಂಬಳಿ. ಸೊಪ್ಪು ಗಾಳಿಗೆ ಬಿದ್ದರೆ ಹದ ಕೆಟ್ಟು ಬಣ್ಣ ಹೋಗುತ್ತದೆ, ಬಣ್ಣ ಹೋದರೆ ಹರಾಜಿನಲ್ಲಿ ಕೇಳುವವರಿಲ್ಲ. ಅದಕ್ಕೇ ಕಿಟಕಿಗಳಿಗೆ ಗೋಣಿಚೀಲ ಜಡಿದಿತ್ತು. ಕಾವಲಿಗೆ ಮಲ್ಲಾಜಮ್ಮನ ಚಾಪೆ ಬೇಲುಗಳ ಮಗ್ಗುಲಲ್ಲೇ.

ಕಾವ್ಯಶ್ರೀ ಒಳಗೆ ಕಾಲಿಟ್ಟವಳು ದುಪಟ್ಟಾದ ತುದಿಯನ್ನು ಮೂಗಿಗೆ ಒಯ್ದು, ಮಲ್ಲಾಜಮ್ಮ ನೋಡುತ್ತಿರುವುದನ್ನು ಕಂಡು ಕೆಳಗಿಳಿಸಿದಳು. ನಡುಮನೆಯಲ್ಲಿ ಒಂದು ಪಂಪು, ಹೊರಗಿನ ಗಾಳಿಯೊಡನೆ ಹೋಲಿಸಲು ಹಿತ್ತಲಿನ ತೆಂಗಿನ ಮರದ ಕೆಳಗೆ ಇನ್ನೊಂದು. ಎರಡರ ಬಾಯಿಗೂ ಅಪ್ಪಳದಂತೆ ದುಂಡಗಿನ ಬಿಳಿ ಕಾಗದ. ಪಂಪು ಗಾಳಿ ಎಳೆದಂತೆಲ್ಲ ಗಾಳಿಯಲ್ಲಿರುವ ಕೊಳೆ ಕಾಗದದ ಮೇಲೆ ಕೂರುತ್ತದೆ.

"ಒಂದೇ ಮಾತು ಅಮ್ಮ," ಅಂದಳು. "ದಿನಾ ಹೆಂಗಿರ್ತೀರೋ ಇವತ್ತೂ ಹಂಗೇ ಇರಿ. ಏನೂ ಬದಲಾಯಿಸ್ಬೇಡಿ. ಸಾಯಂಕಾಲ ಬತ್ತೀನಿ."

ಹಾಗೆಂದು ಅವಳು ರಾವಂದೂರಿನ ಇನ್ನೊಂದು ಮನೆಗೆ ಹೋದಳು. ಆದರೆ ಮನೆಗೆ ಬಂದ ಮಿಷಿನ್ನನ್ನು ಸುಮ್ಮನೆ ಕೂರಿಸುವುದುಂಟೆ? ಮಲ್ಲಾಜಮ್ಮ ಏದುಸಿರು ಬಿಡುತ್ತಲೇ ಪಂಪಿಗೆ ಅರಿಶಿನ ಕುಂಕುಮ ಹಚ್ಚಿದಳು, ಚೆಂಡುಹೂ ಮುಡಿಸಿದಳು, ಕೆಂಡದ ಮೇಲೆ ಹಿಡಿ ತುಂಬ ಸಾಂಬ್ರಾಣಿ ಹಾಕಿ ಅದರ ಬಾಯಿಗೇ ಹಿಡಿದಳು. ಸಾಯಂಕಾಲ ಕಾಗದ ರೊಟ್ಟಿ ಹೆಂಚಿನ ತಳದ ಬಣ್ಣಕ್ಕೆ ತಿರುಗಿತ್ತು.

"ಅಮ್ಮಾ, ಆಯುಧಪೂಜೆ ಮುಗೀತಲ್ಲ," ಎಂದು ಕಾವ್ಯಶ್ರೀ ತಲೆ ಮೇಲೆ ಕೈ ಹೊತ್ತು ಕೂತಳು.

"ನಿಮ್ಮ ಮಿಷಿನ್ಗೆ ಒಳ್ಳೇದಾಗ್ಲಿ ಅಂತ ಮಾಡ್ದೆ ಕಣವ್ವ," ಅಂದಳು ಮಲ್ಲಾಜಮ್ಮ. ಅದಕ್ಕೆ ಕಾವ್ಯಶ್ರೀ ನಕ್ಕೇಬಿಟ್ಟಳು. ಚಲುವರಾಜುವಿನ ಎದೆಯಲ್ಲಿ ಮೂರು ಜಿಲ್ಲೆಗೆ ಕೇಳುವಷ್ಟು ತಮಟೆ ಬಡಿಯಿತು.

ಪರೀಕ್ಷೆ ಮತ್ತೆ ಮಾಡಬೇಕಾಯಿತು. ಅವಳನ್ನು ಬೈಕಿನಲ್ಲಿ ಪಿರಿಯಾಪಟ್ಟಣದ ಬಸ್ಸಿಗೆ ಬಿಡುವಾಗ ಚಲುವರಾಜು ವಿಮಾನ ಓಡಿಸುತ್ತಿದ್ದೇನೆಂದೇ ತಿಳಿದಿದ್ದ; ಎತ್ತಿನಗಾಡಿಯೊಂದು ಅವರನ್ನು ಹಿಂದೆ ಹಾಕಿತು.

"ಇಷ್ಟು ನಿಧಾನ ಯಾಕೆ?" ಎಂದಳು ಹಿಂದಿನಿಂದ.

"ಮಿಷಿನ್ ಅಲ್ಲಾಡಬಾರ್ದು ಅಂತ."

"ಮಿಷಿನ್ ನನ್ನ ತೊಡೆ ಮೇಲೆ ಭದ್ರವಾಗಿದೆ. ಅಲ್ಲಾಡ್ತಿರೋದು ನೀವು."

ಸ್ವಲ್ಪ ದೂರ ಹೋದ ಮೇಲೆ ಅವಳೇ ಮಾತು ತೆಗೆದಳು. "ಮನೇಲಿ ಗಂಡು ನೋಡ್ತಿದಾರೆ. ಹುಡುಗ ಹೆಂಗಾದ್ರೂ ಇರ್ಲಿ, ಆ ಮನೇಲಿ ಉಸಿರಾಡೋಕೆ ಆಗ್ಬೇಕು ಅಂದಿದೀನಿ. ನಮ್ಮಕ್ಕನ್ನ ಕೊಟ್ಟ ಮನೇಲಿ ಅಡುಗೆಮನೆಗೆ ಒಂದು ಕಿಟಕಿ ಇರ್ಲಿಲ್ಲ. ಐದು ವರ್ಷ ಒಲೆ ಊದಿದ್ಲು..."

"ನಮ್ಮನೆ ಗಾಳಿ ಗೋಪಾಲಸ್ವಾಮಿ ಬೆಟ್ಟದ ಗಾಳಿ ಇದ್ದಂಗೆ ಮೇಡಂ," ಎಂದಿತು ಅವನ ನಾಲಿಗೆ, ಅವನನ್ನು ಕೇಳದೆಯೇ. "ಇವತ್ತು ಸಾಂಬ್ರಾಣಿ ಕೆಡಿಸ್ತು ಅಷ್ಟೇ."

ಕನ್ನಡಿಯಲ್ಲಿ ಅವಳ ಕಣ್ಣು ಅವನ ಮುಖದ ಮೇಲೆ ತುಸು ಹೊತ್ತು ನಿಂತು, ಹೊಲಗಳ ಕಡೆ ಹೊರಳಿತು. ಆ ತುಸು ಹೊತ್ತಿನಲ್ಲಿ ಚಲುವರಾಜು ಮದುವೆಯಾಗಿ, ಮಕ್ಕಳನ್ನು ಪಡೆದು, ಮೊಮ್ಮಕ್ಕಳ ನಾಮಕರಣವನ್ನೂ ಮುಗಿಸಿದ.

ಎರಡನೇ ಪರೀಕ್ಷೆಯ ದಿನ ಬೆಳಗಿನ ಬಸ್ ಬರುವುದರೊಳಗೆ ಬೇಲುಗಳೆಲ್ಲ ಗೆಳೆಯ ಮಾದೇಶನ ಬ್ಯಾರನ್ನಿನಲ್ಲಿದ್ದವು. ಅವುಗಳ ಜಾಗದಲ್ಲಿ ಹುಲ್ಲಿನ ಕಂತೆ, ಮೇಲೆ ಅದೇ ಕಂಬಳಿ.

"ಏನ್ಲಾ ಚೆಲ್ವ," ಅಂದ ಮಾದೇಶ. "ಎಸ್ಸೆಸೆಲ್ಸೀಲಿ ಕಾಪಿ ಹೊಡ್ದಿದ್ದು ಸಾಲ್ದು ಅಂತ ಗಾಳಿ ಪರೀಕ್ಷೇಲೂ ಹೊಡೀತಿದೀಯಲ್ಲ."

ಕಾವ್ಯಶ್ರೀ ಪಂಪು ಹಚ್ಚಿ ಹೋದ ಮರುಕ್ಷಣವೇ ಅವನು ಗೋಣಿಚೀಲ ಕಿತ್ತು ಕಿಟಕಿ ತೆಗೆದ. "ಬೇಲು ಆಚೆ ಇಕ್ಕಿ, ಹಿತ್ತಲಲ್ಲಿ ಒಲೆ ಹೂಡಿ ಅಂತ ಮೇಡಂ ಹೇಳವ್ರೆ ಕಣವ್ವ" ಎಂದು ಅವ್ವನನ್ನೂ ನಂಬಿಸಿದ.

ಮಧ್ಯಾಹ್ನ ಊಟವಾದ ಮೇಲೆ ಮಲ್ಲಾಜಮ್ಮ ನಡುಮನೆಯಲ್ಲಿ ಅಡ್ಡಾದಳು. ಕಾಲು ಚಾಚಿ ಅಂಗಾತ ಮಲಗಿ, ಬಾಯಿ ತೆರೆದು, ಗೊರಕೆ ಹೊಡೆದಳು. ಅವ್ವ ಹೀಗೆ ಮಲಗಿದ್ದನ್ನು ಚಲುವರಾಜು ನೋಡಿ ವರ್ಷಗಳಾಗಿದ್ದವು. ಬಾಗಿಲಲ್ಲಿ ನಿಂತು ನೋಡಿದ. ಆಮೇಲೆ ಮುಖ ತಿರುಗಿಸಿಕೊಂಡು ಹೋಗಿ ಬೈಕ್ ಒರೆಸಿದ.

ಸಾಯಂಕಾಲದ ಹೊತ್ತಿಗೆ ಗೋಣಿಚೀಲಗಳು ಮತ್ತೆ ಕಿಟಕಿ ಏರಿದ್ದವು. ನಡುಮನೆಯ ಕಾಗದ ಮಲ್ಲಿಗೆಯಂತಿತ್ತು. ಹಿತ್ತಲಿನದನ್ನು ಕಾವ್ಯಶ್ರೀ ಕತ್ತಲಾಯಿತೆಂಬ ಆತುರದಲ್ಲಿ ನೋಡದೆ ಡಬ್ಬಿಗೆ ಹಾಕಿಕೊಂಡಳು. ಹೊರಡುವಾಗ, "ನಿಮ್ಮ ಮಾತಲ್ಲಿ ಒಂದಾದ್ರೂ ನಿಜ ಇತ್ತಲ್ಲ" ಎಂದು ನಕ್ಕಳು. ಆ ನಗು ಅವನಿಗೆ ದಕ್ಕಲಿಲ್ಲ.

ವಾರದಲ್ಲಿ ವರದಿ ಬಂತು: ಮನೆಯ ಗಾಳಿಯಲ್ಲಿ ದೋಷವಿಲ್ಲ. ಹಾಗಾದರೆ ಕಾಯಿಲೆ ದೇಹದ್ದೇ ಎಂದು ಡಾಕ್ಟರು ಮಾತ್ರೆ ಹೆಚ್ಚಿಸಿದರು. ಬೇಲುಗಳು ನಡುಮನೆಗೆ ಮರಳಿದವು, ಅವುಗಳ ಮಗ್ಗುಲಿಗೆ ಮಲ್ಲಾಜಮ್ಮನ ಚಾಪೆಯೂ. "ನಮ್ಮನೆ ಗಾಳಿ ದೇವಸ್ಥಾನದ ಗಾಳಿ ಅಂತ ಕಾಗದದಲ್ಲೇ ಬಂದದೆ" ಎಂದು ಅವಳು ಬೀದಿಗೆಲ್ಲ ಹೇಳಿಕೊಂಡಳು. ಹೇಳಿ ಮುಗಿಸಲು ಮಾತಿನ ನಡುವೆ ನಾಲ್ಕು ಸಲ ಉಸಿರೆಳೆದುಕೊಂಡಳು.

ನಿಜ ಹೇಳಬೇಕೆಂದು ಚಲುವರಾಜು ದಿನಾ ಎದ್ದ. ಹೇಳಿದರೆ ಕಾವ್ಯಶ್ರೀ ಮತ್ತೆ ಈ ಊರಿನ ಬಸ್ ಹತ್ತುವುದಿಲ್ಲ. ನಾಳೆ ಹೇಳೋಣ, ಹರಾಜು ಮುಗಿಯಲಿ ಎಂದುಕೊಂಡ. ಒಂದು ಬೆಳಿಗ್ಗೆ ಮಲ್ಲಾಜಮ್ಮ ಒಲೆಯ ಮುಂದೆ ಕುಸಿದಳು. ತುಟಿ ನೇರಳೆ ಹಣ್ಣಿನಂತಾಗಿತ್ತು. ಮಾದೇಶನ ಜೀಪಿನಲ್ಲಿ ಹುಣಸೂರಿಗೆ ಒಯ್ಯುವ ದಾರಿಯುದ್ದಕ್ಕೂ ಅವಳು ಮಗನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಅವತ್ತು ಚಲುವರಾಜುವಿನ ಬಾಯಿಂದ ಒಂದು ದೊಡ್ಡ ಮಾತೂ ಹೊರಡಲಿಲ್ಲ.

ಆಸ್ಪತ್ರೆಯ ವರಾಂಡದ ಬೆಂಚಿನಲ್ಲಿ ಕೂತಿದ್ದವನ ಮುಂದೆ ಎರಡು ದಿನದ ಮೇಲೆ ಕಾವ್ಯಶ್ರೀ ಬಂದು ನಿಂತಳು. ಊರಿಗೆ ಹೋಗಿ, ಮಾದೇಶನಿಂದ ಮಲ್ಲಾಜಮ್ಮನ ವಿಷಯ ತಿಳಿದು ಬಂದಿದ್ದಳು. ಡಬ್ಬಿ ತೆಗೆದು ಎರಡು ಕಾಗದ ಬೆಂಚಿನ ಮೇಲಿಟ್ಟಳು. ಒಂದು ಬೆಳ್ಳಗೆ, ಇನ್ನೊಂದು ಬೂದಿಗಪ್ಪು.

"ಬಿಳೀದು ನಡುಮನೆ. ಕಪ್ಪಗಿರೋದು ಹಿತ್ತಲು. ಹೊಗೆಸೊಪ್ಪು ತುಂಬಿರೋ ಮನೆ ಒಳಗೆ ಮಲ್ಲಿಗೆ, ತೆಂಗಿನ ಮರದ ಕೆಳಗೆ ಮಸಿ. ಚಲುವರಾಜು ಅವ್ರೇ, ನಿಮ್ಮ ತೆಂಗಿನ ಮರ ಅಡುಗೆ ಮಾಡುತ್ತಾ?"

"ನಮ್ಮ ತೆಂಗಿನ ಮರ ಮೇಡಂ..." ಎಂದು ಶುರು ಮಾಡಿದ. ಅವಳ ಹುಬ್ಬು ಈ ಸಲ ಏರಲಿಲ್ಲ. ಒಳಗೆ ಅವ್ವನ ಮೂಗಿಗೆ ಹೋಗುತ್ತಿದ್ದ ಆಕ್ಸಿಜನ್ನಿನ ಬುಸುಬುಸು ಸದ್ದು ಕೇಳುತ್ತಿತ್ತು. ಎಲ್ಲವನ್ನೂ ಹೇಳಿಬಿಟ್ಟ.

"ಹಿತ್ತಲಿನ ಕಾಗದ ನೋಡ್ದೆ ಆ ವರದಿಗೆ ನಾನು ಸಹಿ ಹಾಕಿದೀನಿ," ಎಂದಳು ಅವಳು. "ನನ್ನ ಸಹಿ ನಂಬಿ ನಿಮ್ಮವ್ವನ್ನ ಅದೇ ಹೊಗೆಗೆ ವಾಪಸ್ ಕಳ್ಸಿದ್ರು. ಯಾಕೆ ಮಾಡಿದ್ರಿ?"

ಅವನು ಎದ್ದು ಡಾಕ್ಟರ ಕೋಣೆಯ ಕಡೆ ನಡೆದ.

ಇಬ್ಬರೂ ಹೋಗಿ ಡಾಕ್ಟರಿಗೆ ಹೇಳಿದರು. ಸೊಪ್ಪು, ಹೊಗೆ ಎರಡೂ ಆಚೆ ಹೋಗುವ ತನಕ ಆ ಮನೆಗೆ ಕಾಲಿಡಬಾರದು ಎಂದರು ಡಾಕ್ಟರು. ಕೇಳಬೇಕಾದವಳು ಮಲ್ಲಾಜಮ್ಮ; ಚಲುವರಾಜು ಅವಳಿಗೂ ನಡೆದದ್ದೆಲ್ಲ ಹೇಳಿದ. ಅವಳು ಆಕ್ಸಿಜನ್ ಕೊಳವೆಯ ಸಂದಿಯಲ್ಲೇ ನಕ್ಕಳು.

"ಇವ್ನ ಮಾತಾ? ಹುಟ್ಟುವಾಗ್ಲೇ ಸುಳ್ಳೇಳ್ಕಂಡು ಹುಟ್ಟವ್ನೆ. ಮಿಷಿನ್ ಸುಳ್ಳೇಳದಾ? ನೀನೇ ಅಲ್ವೇನವ್ವ ಕಾಗದ ಕೊಟ್ಟಿದ್ದು? ಹರಾಜು ಹತ್ರ ಬಂತು. ನಾಳೆ ನನ್ನ ಮನೆಗೆ ಕರ್ಕಂಡೋಗ್ಲಾ."

ಜೀವಮಾನದಲ್ಲಿ ಮೊದಲ ಸಲ ಅವನು ಅವ್ವನಿಗೆ ನಿಜ ಹೇಳಿದ್ದ. ಅದನ್ನು ನಂಬುವವರು ಅಲ್ಲಿರಲಿಲ್ಲ.

"ಮಿಷಿನ್ನೇ ಹೇಳ್ಬೇಕು," ಅಂದಳು ಕಾವ್ಯಶ್ರೀ ಹೊರಗೆ ಬಂದು. "ಇದ್ದದ್ದು ಇದ್ದ ಹಾಗೆ ಅಳೀಬೇಕು. ಅಮ್ಮನ ಥರ ಯಾರಾದ್ರೂ ಆ ಮನೇಲಿ ಅಡುಗೆ ಮಾಡ್ಬೇಕು, ಅಲ್ಲೇ ಮಲಗ್ಬೇಕು."

"ನಾನಿದೀನಿ," ಅಂದ ಚಲುವರಾಜು.

ಮಾರನೆಯ ದಿನ ಅವಳು ಬೇರೆ ಯಾವ ಮನೆಗೂ ಹೋಗಲಿಲ್ಲ, ಜಗಲಿಯ ಮೇಲೆ ಕಾವಲು ಕೂತಳು. ಒಳಗೆ ಚಲುವರಾಜು ಹಸಿ ಸೌದೆ ಊದಿ ಹಿಟ್ಟು ತೊಳಸಿದ, ಸಾರು ಕುದಿಸಿದ. ಬೇಲುಗಳ ಮಗ್ಗುಲಲ್ಲಿ ಅವ್ವನ ಚಾಪೆಯ ಮೇಲೆ ಮಲಗಿದ. ಮೊದಲು ಕಣ್ಣು ಉರಿಯಿತು. ಆಮೇಲೆ ತಲೆ ಸುತ್ತಿತು, ಗಂಟಲಿಗೆ ಸೊಪ್ಪಿನ ಘಾಟು ಮೊಳೆಯಂತೆ ಇಳಿಯಿತು. ಹೊತ್ತು ನೆತ್ತಿಯಿಂದ ಇಳಿಯುವ ಮೊದಲೇ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡ.

ಕಾವ್ಯಶ್ರೀ ಚೊಂಬಿನಲ್ಲಿ ನೀರು ತಂದಳು. ಅವನ ಬೆನ್ನ ಮೇಲೆ ಕೈಯಿಡಲು ಹೋಗಿ, ಇಡಲೋ ಬೇಡವೋ ಎಂದು ಒಂದು ಕ್ಷಣ ತಡೆದು, ಇಟ್ಟಳು. "ಸಾಕು ಮಾಡೋಣ. ಇಷ್ಟರಲ್ಲೇ ಗೊತ್ತಾಗುತ್ತೆ."

"ಅವ್ವ ಯಾವತ್ತಾದ್ರೂ ಸಾಕು ಅಂದಿದ್ಲಾ?" ಎಂದು ಬಾಯಿ ಒರೆಸಿಕೊಂಡು ಅವನು ಮತ್ತೆ ಒಳಗೆ ಹೋದ.

ಸಾಯಂಕಾಲ ಅವಳು ಪಂಪಿನಿಂದ ಕಾಗದ ಬಿಡಿಸಿ ಬೆಳಕಿಗೆ ಹಿಡಿದಳು. ಹುಣಸೆಹಣ್ಣಿನ ಬಣ್ಣ. ಹಿತ್ತಲಿನ ಕಾಗದದಲ್ಲಿ ತೆಳು ಬೂದಿಯ ನೆರಳು ಮಾತ್ರ. ಕರಿ ಕಾಗದವನ್ನು ಮಲ್ಲಾಜಮ್ಮನಿಗೆ ತೋರಿಸಲೆಂದು ಭದ್ರವಾಗಿ ಡಬ್ಬಿಯಲ್ಲಿಟ್ಟು, ಜಗಲಿಯ ಕಂಬಕ್ಕೆ ಒರಗಿ ಕೂತಿದ್ದವನ ಪಕ್ಕ ಬಂದು ಕೂತಳು. ಅವನ ಎದೆ ತಿದಿಯಂತೆ ಏರಿ ಇಳಿಯುತ್ತಿತ್ತು.

"ಹೆಂಗಿತ್ತು ಒಳಗೆ?"

ಹತ್ತು ಹುಲಿಯ ಜೊತೆ ಕುಸ್ತಿ ಆಡಿದಂಗಿತ್ತು ಎನ್ನಲು ಅವನು ಬಾಯಿ ತೆರೆದ. ಹುಲಿ ಬರಲಿಲ್ಲ.

"ಸತ್ತೋಯ್ತೀನಿ ಅನ್ನಿಸ್ತು. ಒಂದಿನ ತಡೀಲಿಲ್ಲ ನನ್ನ ಕೈಲಿ. ಅವ್ವ ಎಷ್ಟೋ ವರ್ಷದಿಂದ ಅಲ್ಲೇ ಮಲಗ್ತಿದ್ಲು. ನಾನು ಹಜಾರದಲ್ಲಿ, ಗಾಳಿ ಬರೋ ಕಡೆ."

"ನಿಮಗೆ ಗೊತ್ತಿರ್ಲಿಲ್ವಾ ಅದ್ರಿಂದಲೇ ಅಂತ?"

"ಗೊತ್ತಿತ್ತು," ಎಂದ ಚಲುವರಾಜು. "ನೀವು ಎರಡನೇ ಸಲ ಬಂದ ದಿನ ಅವ್ವ ಅಂಗಾತ ಮಲಗಿದ್ಲು. ಅವತ್ತೇ ಗೊತ್ತಾಯ್ತು. ಆದ್ರೂ ಸುಮ್ಕಿದ್ದೆ. ಈ ಮನೆ ಹಿಂಗೈತೆ ಅಂತ ತಿಳಿದ್ರೆ ನೀವು ಇತ್ತಗೆ ಬರಲ್ಲ ಅಂತ. ನಿಮ್ಮನ್ನ ನೋಡ್ದೆ ಇರೋಕಾಗಲ್ಲ ಅಂತ. ಅಷ್ಟೇ ಕಣ್ರೀ. ಇದ್ರಲ್ಲಿ ಸೇರಿಸಿ ಹೇಳಿದ್ದು ಒಂದೂ ಇಲ್ಲ."

ಅವಳು ಎದ್ದು ನಡುಮನೆಗೆ ಹೋದಳು. ಕಿಟಕಿಯ ಗೋಣಿಚೀಲಗಳನ್ನು ಮೊಳೆಯಿಂದ ಕಿತ್ತು ಹರಿಯುವ ಸದ್ದು ಬಂತು, ಒಂದಾದ ಮೇಲೊಂದು. ಕೆಮ್ಮುತ್ತ, ಕಣ್ಣು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದವಳು ಅವನನ್ನೇ ದಿಟ್ಟಿಸಿ ಹೇಳಿದಳು:

"ಕೂತ್ಕೊಂಡು ನೋಡ್ತೀರಾ? ಬೇಲು ಹಿಡೀರಿ ಆ ಕಡೆ. ನಾನೊಬ್ಳೇ ಎತ್ತೋಕಾಗಲ್ಲ."