ಹಳದಿ ಸಾಣೆಕಲ್ಲು

"ರಕ್ತ ಕಂಡ ಕತ್ತೀನ ಈ ಕಲ್ಲಿಗೆ ಹಚ್ಚಬೇಡಿ. ಆ ಗಾಯ ಮಾಯೋವರೆಗೂ ಎತ್ತಿಡಿ. ನಾನು ಕೇಳೋದು ಇಷ್ಟೇ."

ಅತ್ತೆ ಇಷ್ಟು ಹೇಳಿದ್ದೇ ತಡ, ಅಳಿಯ ನಕ್ಕುಬಿಟ್ಟ. ನಗುವುದೆಂದರೆ ಸುಮ್ಮನೆ ತುಟಿ ಅರಳಿಸಿದ್ದಲ್ಲ, ಕ್ಷೌರದ ಕುರ್ಚಿಯ ಬೆನ್ನು ಹಿಡಿದುಕೊಂಡು ಬಗ್ಗಿ ಬಗ್ಗಿ ನಕ್ಕ. ಕಲ್ಲಿಗೂ ಮಡಿ ಮೈಲಿಗೆ ಉಂಟೇ ಎಂದು ಕೇಳಿದ. ಹಾಗಾದರೆ ಕತ್ತಿಗೂ ಒಂದು ಹಾಸಿಗೆ ಹಾಸಿ ಕಾಲು ಒತ್ತೋಣ ಎಂದ. ಬೈದು ಹೇಳಿದ ಮಾತನ್ನು ನಕ್ಕು ತಳ್ಳಿಹಾಕಬಹುದು, ಕೈಮುಗಿದು ಹೇಳಿದ್ದನ್ನು ತಳ್ಳಿಹಾಕಬಾರದು. ಅವನಿಗೆ ಇದು ತಿಳಿಯದ್ದೇನಲ್ಲ. ಆದರೆ ಹತ್ತು ವರ್ಷ ದೊಡ್ಡ ದೊಡ್ಡ ಅಂಗಡಿಗಳಲ್ಲಿ ಕೆಲಸ ಮಾಡಿ ಬಂದವನಿಗೆ ಬುದ್ಧಿ ಹೇಳಿಸಿಕೊಳ್ಳುವುದೆಂದರೆ ಮೈ ಉರಿ.

ಮಾವ ತೀರಿಕೊಂಡು ಒಂದು ತಿಂಗಳಾಗಿತ್ತು. ಕೆಳಗೆ ಕ್ಷೌರದ ಅಂಗಡಿ, ಮೇಲೆ ಮನೆ. ಅಂಗಡಿಯ ಎರಡು ಕುರ್ಚಿಗಳಲ್ಲಿ ಒಂದರ ಹಿಂದೆ ಈಗ ಅಳಿಯ, ಇನ್ನೊಂದರ ಹಿಂದೆ ಬಾಮೈದ, ಅಂದರೆ ಅವನ ಹೆಂಡತಿಯ ತಮ್ಮ. ಇಪ್ಪತ್ತೆರಡರ ಹುಡುಗ, ಬಾಯಿ ಜಾಸ್ತಿ, ಕೈ ಒಳ್ಳೆಯದು. ಅಕ್ಕನೇ ಎತ್ತಿ ಆಡಿಸಿ ಬೆಳೆಸಿದವನು. ಅವನಿಗೆ ಸೀನು ಬಂದರೂ ಅವಳು ಮೆಟ್ಟಿಲಿಳಿದು ಬರುತ್ತಿದ್ದಳು.

ಆ ಅಂಗಡಿಗೆ ಜನ ಬರುತ್ತಿದ್ದದ್ದೇ ಕಲ್ಲಿನ ಹೆಸರು ಕೇಳಿ. ಒಂದೂವರೆ ಗೇಣು ಉದ್ದ, ಮೂರು ಬೆರಳು ಅಗಲದ ಬೆಣ್ಣೆ ಬಣ್ಣದ ಕಲ್ಲು. ಕಾರ್ಖಾನೆಯಲ್ಲಿ ಅಚ್ಚು ಹಾಕಿದ್ದಲ್ಲ, ಭೂಮಿಯಿಂದ ಪದರ ಪದರವಾಗಿ ಬಿಡಿಸಿ ತೆಗೆದದ್ದು. ಮೇಲೆ ನಾಲ್ಕು ಹನಿ ನೀರು ಬಿಟ್ಟು ಅದೇ ಜಾತಿಯ ಮರಿಕಲ್ಲಿನಿಂದ ತಿಕ್ಕಿದರೆ ಹಾಲಿನಂಥ ತೆಳು ರಾಡಿ ಏಳುತ್ತದೆ, ಹಸಿ ಮಣ್ಣಿನ ವಾಸನೆ ಬರುತ್ತದೆ. ಆ ರಾಡಿಯಲ್ಲಿ ಅಲಗನ್ನು ಮಲಗಿಸಿ ಮುಂದಕ್ಕೊಮ್ಮೆ, ಮಗುಚಿ ಹಿಂದಕ್ಕೊಮ್ಮೆ ಎಳೆಯಬೇಕು. ಇಪ್ಪತ್ತು ಎಳೆತಕ್ಕೆ ಬಾಯಿ ಹೇಗೆ ಬರುತ್ತಿತ್ತೆಂದರೆ, ಗಿರಾಕಿ ಕಣ್ಣು ಮುಚ್ಚಿ ಕೂತವನು "ಇನ್ನೂ ಶುರು ಮಾಡ್ಲಿಲ್ವಾ?" ಎಂದು ಕೇಳುವ ಹೊತ್ತಿಗೆ ಅರ್ಧ ಗಡ್ಡ ಮುಗಿದಿರುತ್ತಿತ್ತು. ಅಳಿಯ ಮೊದಲ ದಿನವೇ ಆ ಕಲ್ಲಿಗೆ ಮರುಳಾದ. ಮರುಳಾದದ್ದಕ್ಕೇ ಅನುಮಾನವೂ ಶುರುವಾಯಿತು. ಕಲ್ಲು ಯಾರ ಕೈಯಲ್ಲೋ ಅಂಗಡಿ ಅವರದು. ಮಗನಿಗೆ ಕಲ್ಲು ಉಳಿಸಲು ಮುದುಕಿ ಕತೆ ಕಟ್ಟುತ್ತಿದ್ದಾಳೆ ಎಂದು ಅವನು ಲೆಕ್ಕ ಹಾಕಿಬಿಟ್ಟ.

ಕತೆ ಇದ್ದದ್ದು ಹೀಗೆ. ಮಾವ ಚಿಕ್ಕಪ್ರಾಯದಲ್ಲಿ ಕಲ್ಲು ಹುಡುಕಿಕೊಂಡು ಒಂದು ಗಣಿಗೆ ಹೋಗಿದ್ದರಂತೆ. ಗಣಿಯವಳು ಮೇಲಿನ ಪದರದ ಕಲ್ಲು ತೋರಿಸಿದರೆ, ಇದಲ್ಲ, ಇನ್ನೂ ಕೆಳಗಿನದು ಬೇಕು ಎಂದು ಹಟ ಹಿಡಿದರಂತೆ. ಅವಳ ಮಗ ಕೆಳಗಿಳಿದ. ಕಲ್ಲು ಮೇಲೆ ಬಂತು, ಮಗ ಬರಲಿಲ್ಲ, ಮಣ್ಣು ಕುಸಿಯಿತು. ಆ ತಾಯಿ ಮಗನ ನೆತ್ತರು ಹೀರಿದ ಮಣ್ಣನ್ನು ತಂದು ಮೂರು ದಿನ ಆ ಕಲ್ಲಿನ ಮೈಗೆ ತಿಕ್ಕಿದಳು. ತಿಕ್ಕುತ್ತಾ ಏನೇನೋ ಗೊಣಗಿದಳು. ಆಮೇಲೆ ತಾನೇ ಕರೆದು ಕಲ್ಲನ್ನು ಕೈಗಿಟ್ಟು, ನನ್ನ ಗಾಯ ಮಾಯುವುದಿಲ್ಲ, ಕತ್ತಿಯನ್ನು ಇದಕ್ಕೆ ಹಚ್ಚುವಷ್ಟು ದಿನ ಅದು ಮಾಡಿದ ಗಾಯವೂ ಮಾಯದಿರಲಿ ಎಂದಳು. ಮಾವ ಅದನ್ನು ತರಬಾರದಾಗಿತ್ತು. ತಂದರು. ಕಸುಬಿನ ಆಸೆ ಎಂಥೆಂಥವರನ್ನೂ ಕೆಡಿಸುತ್ತದೆ.

ಎಸೆದುಬಿಡಬಹುದಿತ್ತಲ್ಲ ಎಂದು ಅಳಿಯ ಕುಟುಕಿದ. ಎಸೆದರೆ ಇನ್ನೊಬ್ಬರ ಕೈಗೆ ಸಿಗುತ್ತದೆ, ಒಡೆದರೆ ಒಂದಿದ್ದದ್ದು ಎರಡಾಗುತ್ತದೆ ಎಂದರು ಅತ್ತೆ. ಎಲ್ಲದಕ್ಕೂ ಉತ್ತರ ಸಿದ್ಧವಾಗಿದೆ ಎಂದುಕೊಂಡ ಅಳಿಯ.

ಒಂದು ಬೆಳಿಗ್ಗೆ, ಅಂಗಡಿ ತೆರೆಯುವ ಮುಂಚೆ, ಹೊಸದಾಗಿ ಮಸೆದ ಕತ್ತಿಯ ಬಾಯಿ ನೋಡಲು ಬಾಮೈದನನ್ನೇ ಕೂರಿಸಿದ. ಹುಡುಗ ಸುಮ್ಮನೆ ಕೂರುವ ಪೈಕಿಯೇ? ಏನೋ ಚಟಾಕಿ ಹಾರಿಸಿ ತಾನೇ ನಕ್ಕ. ದವಡೆಯ ಕೆಳಗೆ, ಕಿವಿಯ ಹತ್ತಿರ, ಎಳ್ಳುಕಾಳಿನಷ್ಟು ಗೀರಾಯಿತು. ಪಟಿಕ ಒತ್ತಿದರು, ರಕ್ತ ನಿಂತಿತು. ಕಸುಬಿನಲ್ಲಿ ಇಂಥದ್ದು ಹೊಸದಲ್ಲ.

ಗೀರು ಬಿದ್ದರೆ ಕ್ಷೌರದವನು ಮೊದಲು ಬೈಯುವುದು ಕತ್ತಿಯನ್ನು. ಬಾಯಿ ಎಲ್ಲೋ ಮುಕ್ಕಾಗಿದೆ ಎಂದು ಕೈ ತಾನಾಗಿ ಕಲ್ಲಿನ ಕಡೆ ಹೋಗುತ್ತದೆ. ಅಡುಗೆಯವಳು ಉಪ್ಪು ನೋಡಿದ ಹಾಗೆ, ಅದು ಕೇಳಿ ಮಾಡುವ ಕೆಲಸವಲ್ಲ. ಅಳಿಯ ಅಂದು ಮಧ್ಯಾಹ್ನ ಅದೇ ಕತ್ತಿಯನ್ನು ಹಳದಿ ಕಲ್ಲಿಗೆ ಹಚ್ಚಿ ಇಪ್ಪತ್ತು ಎಳೆತ ಎಳೆದ. ಮೇಲಿನಿಂದ ಬಾಮೈದ "ಅಮ್ಮಾ" ಎಂದದ್ದು ಕೇಳಿಸಿತು. ಊಟಕ್ಕೆ ಕರೆಯುತ್ತಿರಬೇಕು ಎಂದುಕೊಂಡ.

ಮಾರನೆಯ ದಿನ ಎಳ್ಳು ಅಕ್ಕಿಕಾಳಾಗಿತ್ತು. ಕತ್ತಿ ದಿನವೂ ಕಲ್ಲಿಗೆ ಹೋಗುತ್ತಿತ್ತು, ಅದರ ಮಾರನೆಯ ದಿನ ಗಾಯ ಬೆರಳಿನ ಒಂದು ಗೆಣ್ಣಿನಷ್ಟಾಯಿತು. ಬೀದಿಯ ಕೊನೆಯ ಡಾಕ್ಟರು ಮೂರು ಹೊಲಿಗೆ ಹಾಕಿದರು. ಸಂಜೆಗೆ ದಾರ ಹಾಗೇ ಇತ್ತು, ಗಾಯ ದಾರವನ್ನು ದಾಟಿ ಮುಂದಕ್ಕೆ ಹೋಗಿತ್ತು. ಗಂಟಲಿನ ಕಡೆಗೆ.

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಹುಡುಗ ಕೆರೆದುಕೊಳ್ಳುತ್ತಿದ್ದಾನೆ ಎಂದು ಅಳಿಯ ತೀರ್ಮಾನಿಸಿದ. ತಾಯಿ ಮಗ ಸೇರಿಕೊಂಡು ನನ್ನ ತಲೆ ಬೋಳಿಸುತ್ತಿದ್ದಾರೆ, ನನ್ನದು ಬೋಳಿಸುವ ಕಸುಬು ಅನ್ನುವುದನ್ನೂ ಮರೆತು, ಎಂದು ಹೆಂಡತಿಯ ಮುಂದೆ ಹಾಸ್ಯ ಮಾಡಿದ. ಅವಳು ತಮ್ಮನ ಪಟ್ಟಿ ಬದಲಿಸಲು ಎದ್ದು ಹೋದಳು. ಅವನು ಬಾಮೈದನ ದಿಂಬು ಎತ್ತಿ ನೋಡಿದ, ಹಾಸಿಗೆ ಕೊಡವಿದ, ಡ್ರಾಯರಿನ ಬ್ಲೇಡುಗಳನ್ನು ಎಣಿಸಿಟ್ಟ. ಒಂದೂ ಕಡಿಮೆಯಾಗಿರಲಿಲ್ಲ. ಅಷ್ಟರಲ್ಲಿ ಅತ್ತೆ ಮಗನ ಉಗುರುಗಳನ್ನು ಬುಡದವರೆಗೂ ಕತ್ತರಿಸಿದರು, ಕೆರೆದುಕೊಂಡ ಎಂಬ ಮಾತು ಬರದಿರಲಿ ಎಂದು. ಅಳಿಯನಿಗೆ ಅದೇ ಸಾಕ್ಷಿಯಾಯಿತು. ಕಳ್ಳರಲ್ಲದವರು ಗುರುತು ಯಾಕೆ ಅಳಿಸುತ್ತಾರೆ?

ಒಂದು ದಿನ ಕತ್ತಿಯೇ ಕಾಣಲಿಲ್ಲ. ಹುಡುಕಿದರೆ ಅಡುಗೆಮನೆಯ ಹಿಟ್ಟಿನ ಡಬ್ಬದಲ್ಲಿ, ಬಟ್ಟೆ ಸುತ್ತಿ ಇಟ್ಟಿದ್ದರು. ಅವನಿಗೆ ರೋಷ ನೆತ್ತಿಗೇರಿತು. ಡಬ್ಬವನ್ನು ಅಲ್ಲೇ ಕವುಚಿ, ಕತ್ತಿ ಹಿಡಿದು ಕೆಳಗಿಳಿದು, ಹಲ್ಲು ಕಚ್ಚಿ ನಲವತ್ತು ಎಳೆತ ಎಳೆದ. ಮೇಲೆ ಏನೋ ದೊಪ್ಪನೆ ಬಿತ್ತು. ಓಡಿ ಹೋಗಿ ನೋಡಿದರೆ ಬಾಮೈದ ನೆಲದ ಮೇಲೆ, ಹೆಂಡತಿಯ ಸೆರಗು ಅವನ ಕುತ್ತಿಗೆಗೆ ಒತ್ತಿದ್ದು, ಸೆರಗಿನಿಂದ ತೊಟ್ಟು ತೊಟ್ಟಾಗಿ ನೆಲಕ್ಕೆ ಇಳಿಯುತ್ತಿದ್ದದ್ದು. ಅವಳು ಗಂಡನ ಕೈಯನ್ನು ನೋಡಿದಳು. ರಾಡಿ ಇನ್ನೂ ಒಣಗಿರಲಿಲ್ಲ.

"ರೀ, ನಿಮಗೆ ನಂಬಿಕೆ ಇಲ್ಲದಿದ್ರೆ ಬೇಡ. ನನಗೋಸ್ಕರ ಅದನ್ನ ಎತ್ತಿಡಿ."

ಇಟ್ಟುಬಿಡಬಹುದಿತ್ತು. ಒಂದು ಕತ್ತಿ ಹೋದರೆ ಅಂಗಡಿಯಲ್ಲಿ ಇನ್ನೂ ಏಳು ಕತ್ತಿ. ಆದರೆ ಇಟ್ಟರೆ ಸೋತಂತೆ. ನಾಳೆ ಗಾಯ ಮಾಯಿತು ಎಂದು ಅವರು ಜಂಬ ಪಡುತ್ತಾರೆ, ಕಲ್ಲು ಬಾಮೈದನ ಕೈಗೆ ಹೋಗುತ್ತದೆ. ಅವನು ಒಂದು ಉಪಾಯ ಹೇಳಿದ. ಹುಡುಗನನ್ನು ಕನ್ನಡಿಯ ಮುಂದೆ ಕೂರಿಸಿ ಗಾಯದ ಪಟ್ಟಿ ಬಿಚ್ಚುವುದು. ಎರಡೂ ಕೈ ಕುರ್ಚಿಯ ತೋಳಿನ ಮೇಲೆ. ಎಲ್ಲರ ಎದುರಿಗೆ ಒಂದು, ಒಂದೇ ಒಂದು ಎಳೆತ. ಏನೂ ಆಗದಿದ್ದರೆ ಈ ಮಾತು ಇಲ್ಲಿಗೆ ಮುಗಿಯಿತು. ಏನಾದರೂ ಆದರೆ ತಾನೇ ಕಲ್ಲನ್ನು ಹೂತು ಬರುತ್ತೇನೆ. ಅತ್ತೆ ಬೇಡವೆಂದರು. ಹೆಂಡತಿ ಬೇಡವೆಂದಳು. ಒಪ್ಪಿಕೊಂಡವನು ಬಾಮೈದನೇ.

"ಭಾವ ಒಂದ್ಸಲ ಕಣ್ಣಾರೆ ನೋಡ್ಲಿ ಬಿಡಮ್ಮಾ. ಆಗ್ಲಾದ್ರೂ ಬಿಡ್ತಾರೆ," ಎಂದ.

ಮಟಮಟ ಮಧ್ಯಾಹ್ನ. ಅಂಗಡಿಯ ಬಾಗಿಲು ಮುಕ್ಕಾಲು ಎಳೆದಿತ್ತು. ಒಳಗೆ ಸೋಪಿನ ನೊರೆಯ ವಾಸನೆ, ಕತ್ತಿ ಉಜ್ಜುವ ಚರ್ಮದ ಪಟ್ಟಿಯ ಎಣ್ಣೆ ವಾಸನೆ, ಎರಡರ ಅಡಿಯಲ್ಲಿ ಹಸಿ ಗಾಯದ ಕಬ್ಬಿಣದಂಥ ವಾಸನೆ. ಬಾಮೈದ ಕೂತ. ಅಕ್ಕ ಪಟ್ಟಿ ಬಿಚ್ಚಿದಳು. ಗಾಯ ಕಿವಿಯ ಬುಡದಿಂದ ಹೊರಟು ಕುತ್ತಿಗೆಯ ನರ ಮಿಡಿಯುವ ಜಾಗಕ್ಕೆ ಎರಡು ನೂಲಿನಷ್ಟು ದೂರದಲ್ಲಿ ನಿಂತಿತ್ತು. ಅಳಿಯ ಕಲ್ಲಿಗೆ ನೀರು ಬಿಟ್ಟ. ಮರಿಕಲ್ಲಿನಿಂದ ತಿಕ್ಕಿದ. ಹಾಲಿನಂಥ ರಾಡಿ ಎದ್ದಿತು. ಕತ್ತಿಯನ್ನು ಮಲಗಿಸಿದ. ಕಣ್ಣು ಮಾತ್ರ ಕನ್ನಡಿಯಲ್ಲಿತ್ತು, ಹುಡುಗನ ಕೈಗಳ ಮೇಲೆ, ಕಳ್ಳನನ್ನು ಹಿಡಿಯುವವನ ಹಾಗೆ.

ಎಳೆದ. ಅರ್ಧ ಗೇಣು ಎಳೆದಿದ್ದನೇನೋ.

ಕುರ್ಚಿಯ ಮೇಲಿನ ಕೈಗಳು ಅಲುಗಲಿಲ್ಲ. ಗಾಯ ಅಲುಗಿತು. ಯಾರೂ ಮುಟ್ಟದ ಚರ್ಮ, ಕತ್ತಿ ಸರಿದಷ್ಟೇ ಸರಿದು, ಕತ್ತಿ ಸರಿದ ವೇಗದಲ್ಲೇ ಬಿಚ್ಚಿಕೊಂಡಿತು.

ಅವನ ಕೈ ಅಲ್ಲೇ ಕಲ್ಲಾಯಿತು. ಮೊದಲ ಬಾರಿಗೆ ಅವನಿಗೆ ಹೆದರಿಕೆಯಾಯಿತು. ಕತ್ತಿಯನ್ನು ಎತ್ತಿಬಿಡೋಣವೆಂದು ನೋಡಿದ. ಕತ್ತಿ ಬರಲಿಲ್ಲ.

ನುಣುಪು ಕಲ್ಲು ನೀರು ಆರಿದಾಗ ಅಲಗನ್ನು ಹಿಡಿದುಕೊಳ್ಳುವುದುಂಟು, ಪ್ರತಿಯೊಬ್ಬ ಕ್ಷೌರದವನಿಗೂ ಗೊತ್ತು. ನಾಲ್ಕು ಹನಿ ನೀರು ಬಿಟ್ಟರೆ ಬಿಡುತ್ತದೆ. ಅವನು ಎಡಗೈಯಿಂದ ನೀರು ಸುರಿದ. ಕಲ್ಲು ಕುಡಿಯಿತು. ಇನ್ನೊಂದು ಬೊಗಸೆ. ಅದನ್ನೂ ಕುಡಿಯಿತು. ಬಟ್ಟಲು ಬರಿದಾಯಿತು. ಕಲ್ಲಿನ ಮೈ ಒಣಗಿಯೇ ಇತ್ತು. ಮೇಲಕ್ಕೆ ಎತ್ತಿದರೆ ಕಲ್ಲೂ ಎದ್ದು ಬರುತ್ತಿತ್ತು. ಪಕ್ಕಕ್ಕೆ ಮಿಸುಕಿದರೆ ಕುರ್ಚಿಯಲ್ಲಿ ಹುಡುಗ ನರಳುತ್ತಿದ್ದ. ಇನ್ನು ಉಳಿದದ್ದು ಎಳೆಯುವ ದಾರಿಯೊಂದೇ. ಎಳೆದರೆ ಒಂದು ನೂಲು. ಅದರಾಚೆ ನರ. ಕೈ ಬಿಡೋಣವೆಂದರೆ, ಬೆರಳುಗಳು ಅವನ ಮಾತು ಕೇಳಲಿಲ್ಲ. ತೋಳು ತಾನಾಗಿ ಬಿಗಿಯಾಯಿತು. ಹಿಂದಕ್ಕೆ ಜಗ್ಗತೊಡಗಿತು. ಕತ್ತಿಯ ಹಿಡಿ ಕಿರ್ರೆಂದಿತು.

"ಎಳೀಬೇಡಿ," ಎಂದರು ಅತ್ತೆ. ಎರಡೂ ಕೈಯಿಂದ ಮಗನ ಗಾಯ ಒತ್ತಿಹಿಡಿದಿದ್ದ ಅವರ ದನಿ ಪಿಸುಮಾತಾಗಿತ್ತು. "ಕತ್ತಿಗೆ ಕೊನೇ ರಕ್ತ ಮಾತ್ರ ನೆನಪಿರುತ್ತೆ. ನಮ್ಮವರು ಗಿರಾಕಿಗೆ ಗೀರಿದ್ರೆ ತಕ್ಷಣ ತಮ್ಮ ಬೆರಳು ಗೀರ್ಕೋತಿದ್ರು. ಗಾಯ ಅವರದಾಗ್ತಿತ್ತು, ಗಿರಾಕಿ ಉಳೀತಿದ್ದ. ನಿಮ್ಮ ಇನ್ನೊಂದು ಕೈ ಕೊಡಿ. ಬೇಗ ಕೊಡಿ."

ಅಲಗಿನ ತುದಿ ಕಲ್ಲಿನ ಅಂಚಿನಾಚೆ ಎರಡು ಬೆರಳಿನಷ್ಟು ಚಾಚಿಕೊಂಡಿತ್ತು. ಅವನ ಎಡಗೈ ಅದರ ಪಕ್ಕದಲ್ಲೇ ಇತ್ತು. ಒಂದು ಗೇಣು ದೂರ. ಕೊಡಬೇಕಾಗಿದ್ದದ್ದು ಅಷ್ಟೇ.

ಕೊಡಲಿಲ್ಲ. ತಲೆ ಎತ್ತಿ ಅತ್ತೆಯ ಮುಖ ನೋಡಿದ. ಮಗನ ಸಾವನ್ನು ಅಳಿಯನ ಮೈಗೆ ದಾಟಿಸುವ ಹಂಚಿಕೆಯೇ ಇದು? ಮೊದಲೇ ಯಾಕೆ ಹೇಳಲಿಲ್ಲ? ಆ ಮುಖದಲ್ಲಿ ಸುಳ್ಳು ಎಲ್ಲಿದೆ ಎಂದು ಹುಡುಕಿದ. ಒಂದು ಉಸಿರು. ಎರಡು ಉಸಿರು. ಹೆದರಿಕೆ ಬಂದ ಮೇಲೂ ಅವನ ಅನುಮಾನ ಹೋಗಿರಲಿಲ್ಲ.

ಮಗ್ಗುಲಿನಿಂದ ಒಂದು ಕೈ ಬಂತು. ಬಳೆ ಸದ್ದಾಯಿತು. ಹೆಂಡತಿ ಅಂಗೈಯನ್ನು ಅಲಗಿನ ತುದಿಗೆ ಒತ್ತಿ, ಹಿಂದಕ್ಕೆ ಸೆಳೆದು, ಎದೆಗೆ ಅವುಚಿಕೊಂಡಳು.

ಅಲಗಿನ ಮೇಲೆ ಒಂದು ಕೆಂಪು ಗೆರೆ ಇಳಿಯಿತು. ಕಲ್ಲನ್ನು ಮುಟ್ಟಿತು. ಅಷ್ಟು ನೀರು ಕುಡಿದೂ ಬಿಡದ ಕಲ್ಲು ಅಷ್ಟಕ್ಕೇ ಬಿಟ್ಟಿತು.

ಬಿಗಿಯಾಗಿ ಜಗ್ಗುತ್ತಿದ್ದ ತೋಳು. ತಡೆಯಲು ಏನೂ ಇಲ್ಲ. ಕತ್ತಿ ಸುಸ್ಸೆಂದು ಕಲ್ಲಿನ ಈ ತುದಿಯವರೆಗೂ ಬಂತು. ಪೂರ್ತಿ ಎಳೆತ. ಅವನ ಕೈಯಿಂದಲೇ. ಕತ್ತಿಯನ್ನು ಮುಟ್ಟದೆ, ಎದೆಗೆ ಅವುಚಿಕೊಂಡಿದ್ದ ಅವಳ ಅಂಗೈ, ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಬಿಚ್ಚಿಕೊಂಡಿತು. ಅವಳು ಕುಸಿದು ಕೂತಳು.

ಬಾಮೈದನ ಕುತ್ತಿಗೆ ಎಂಟೇ ದಿನದಲ್ಲಿ ಮಾಯಿತು. ಅವಳದು ನಾಲ್ಕು ತಿಂಗಳು ತೆಗೆದುಕೊಂಡಿತು. ಅಷ್ಟು ದಿನ ಅಳಿಯ ಯಾವ ಕತ್ತಿಯನ್ನೂ ಯಾವ ಕಲ್ಲಿಗೂ ಹಚ್ಚಲಿಲ್ಲ. ಹಳದಿ ಕಲ್ಲು ಅತ್ತೆಯ ಕಬ್ಬಿಣದ ಪೆಟ್ಟಿಗೆಗೆ ಹೋಯಿತು, ಬೀಗದ ಕೈ ಎಲ್ಲಿದೆ ಎಂದು ಅವನು ಕೇಳಲೂ ಇಲ್ಲ, ಅವರು ಹೇಳಲೂ ಇಲ್ಲ. ಅವನು ಮೆಟ್ಟಿಲಿಳಿದು ಅಂಗಡಿಗೆ ಹೊರಟಾಗ ಮೂವರೂ ಒಂದು ಕ್ಷಣ ಅವನ ಕೈಯಲ್ಲಿ ಏನಿದೆ ಎಂದು ನೋಡುತ್ತಿದ್ದರು. ನೋಡಿಯೂ ನೋಡದ ಹಾಗೆ ಮುಖ ತಿರುಗಿಸುತ್ತಿದ್ದರು. ಅವರದು ತಪ್ಪೆಂದು ಹೇಗೆ ಹೇಳುವುದು?

ಗಾಯ ಮಾಯಿತು, ಬೆರಳುಗಳು ಮಡಚಲಿಲ್ಲ. ಬಾಚಣಿಗೆ ಹಿಡಿಯಲಾಗದ ಹೆಂಡತಿಗೆ ಈಗ ಪ್ರತಿ ಬೆಳಿಗ್ಗೆ ಅವನೇ ತಲೆ ಬಾಚುತ್ತಾನೆ. ಒಂದು ದಿನ ಕನ್ನಡಿಯ ಮುಂದೆ ಅವಳ ಕೂದಲನ್ನು ಮೂರು ಎಳೆ ಮಾಡಿ ಹೆಣೆಯುತ್ತಿದ್ದವನಿಗೆ ತಡೆಯಲಾಗಲಿಲ್ಲ. ಇಷ್ಟು ದಿನ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟ.

"ನಾನು ಕೈ ಕೊಡೋನೇ ಇದ್ದೆ ಕಣೇ. ಅಷ್ಟರಲ್ಲಿ ನೀನು..."

ಅವಳು ಕನ್ನಡಿಯಲ್ಲೇ ಅವನನ್ನು ನೋಡಿದಳು. ಕೋಪವೇನೂ ಇರಲಿಲ್ಲ.

"ನೀವು ಅಮ್ಮನ ಮುಖ ನೋಡ್ತಿದ್ರಿ, ಸುಳ್ಳು ಹೇಳ್ತಿದಾಳಾ ಅಂತ. ನಾನು ನಿಮ್ಮ ಮುಖ ನೋಡ್ತಿದ್ದೆ. ನೀವು ಇನ್ನೂ ಎಷ್ಟು ಹೊತ್ತು ನೋಡ್ತೀರೋ ನನಗೆ ಗೊತ್ತಾಗ್ಲಿಲ್ಲ. ಅದಕ್ಕೇ ನಾನೇ ಕೈ ಇಟ್ಟೆ."