ಗಾಡಿ ನಂದು ಅಂದವರು

"ಏನರ ಮಾಡ್ರಿ ಅಳಿಯಾರ, ಗಾಡಿ ನಂದು ಅಂತ ಮಾತ್ರ ಅನಬ್ಯಾಡ್ರಿ. ಕೈ ಮುಗೀತೀನಿ," ಎಂದಳು ಅನ್ನಪೂರ್ಣವ್ವ.

ವೀರು ಹೊಟ್ಟೆ ಹಿಡಿದುಕೊಂಡು ನಕ್ಕ. ಹುಬ್ಬಳ್ಳಿಯಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟವನು. ವೈರು ಸುಟ್ಟರೆ ಹೊಗೆ ಬರುತ್ತದೆ, ಉಳಿದದ್ದೆಲ್ಲ ಜನರ ಹುಚ್ಚು ಎಂಬುದು ಅವನ ವೇದಾಂತ. ಲಕ್ಷ್ಮೇಶ್ವರದ ಈ ಮನೆಗೆ ಅಳಿಯನಾಗಿ ವರ್ಷ ತುಂಬಿರಲಿಲ್ಲ. ಅಷ್ಟರಲ್ಲಿ ಮಾವ ಉಳವಪ್ಪ ತೀರಿಕೊಂಡು, ಅವನ ಬಿಳಿ ಅಂಬಾಸಿಡರ್ ಕಾರು ಅಂಗಳದಲ್ಲಿ ಮಾಲಕನಿಲ್ಲದೆ ನಿಂತಿತ್ತು. ವೀರುವಿನ ಕಣ್ಣು ಅದರ ಮೇಲೆ ಬಿದ್ದಿದ್ದು ಸುಳ್ಳಲ್ಲ.

ಕಾರು ಮೊದಲು ಉಳವಪ್ಪನ ಅಣ್ಣ ಲಕ್ಕಪ್ಪನದು. ಅವನು ಸತ್ತ ಮೇಲೆ ಹೆಂಡತಿ ಉಡಚವ್ವ ಇನ್ನೂ ಮೂಲೆ ಹಿಡಿದು ಅಳುತ್ತಿದ್ದಳು. ಆ ಅಳುವವಳ ಹೆಬ್ಬೆಟ್ಟು ಒತ್ತಿಸಿಕೊಂಡು ಉಳವಪ್ಪ ಕಾರನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. ಎಂಥ ಮನುಷ್ಯನಪ್ಪಾ! ಗೊತ್ತಾದ ಮೇಲೆ ಆಕೆ ಮುಂಡರಗಿ ಕಡೆಯ ಹೊಳೆದಂಡೆಗೆ ಹೋಗಿ, ಈ ಕಾರನ್ನು ನಂದು ಅಂದವರ ಉಸಿರು ನಿಲ್ಲಲೆಂದು ಮಾಟ ಮಾಡಿಸಿದಳು. ಮಾಡಿಸಿ ತಾನೂ ಹೊಳೆಗೆ ಹಾರಿ ಸತ್ತಳು. ಅದೇ ವಾರ ಉಳವಪ್ಪ ಸ್ಟೇರಿಂಗ್ ಹಿಡಿದು ಗೆಳೆಯರ ಮುಂದೆ "ಈಗ ಗಾಡಿ ನಂದು ನೋಡ್ರಿ" ಎಂದು ಮೀಸೆ ತಿರುವಿದವನು, ಆ ಸೀಟಿನಿಂದ ಎದ್ದು ಬರಲಿಲ್ಲ.

"ಮಾಟ ಬಿಡಸೂ ಶಿರಹಟ್ಟಿ ಉಸ್ಮಾನಸಾಬರನ್ನ ಕೇಳೇನ್ರಿ," ಎಂದಳು ಅನ್ನಪೂರ್ಣವ್ವ. "ಮಾಡಿಸಿದಾಕಿನ ಇಲ್ಲ, ಬಿಡಸಾಕ ಆಗೂದಿಲ್ಲ ಅಂದ್ರು. ಮತ್ತೊಬ್ಬರು ನಂದು ಅಂದ್ರ ಮದಲಿನವರನ್ನ ಬಿಟ್ಟು ಅವರನ್ನ ಹಿಡೀತೈತಂತ. ಸುಮ್ಮನ ಗುಜರಿಗೆ ಹಾಕೂಣ್ರಿ."

"ಅತ್ತಿ, ಮಾವಾರಿಗೆ ಆಗಿದ್ದು ಹಾರ್ಟ್ ಅಟ್ಯಾಕ್ ರೀ. ದೆವ್ವಕ್ಕೇನು ಬಸ್ ಸಿಗಲಿಲ್ಲಂತೇನು, ನಮ್ಮ ಗಾಡೀನ ಬೇಕಾತು?"

ಗಂಡ ನಕ್ಕಿದ್ದು ಕಂಡು ಸ್ನೇಹಾಳಿಗಿದ್ದ ಅಷ್ಟಿಷ್ಟು ಹೆದರಿಕೆಯೂ ಹೋಯಿತು.

ಹೊಸ ಜಿಲ್ಲೆಯಾದ ಮೇಲೆ ಧಾರವಾಡಕ್ಕೆ ಅಲೆಯುವ ಕಾಟ ತಪ್ಪಿ, ಗಾಡಿಯ ಹೆಸರು ಬದಲಿಸುವ ಕೆಲಸವೆಲ್ಲ ಗದಗದ ಆರ್‌ಟಿಓ ಕಚೇರಿಯಲ್ಲೇ ಆಗುತ್ತಿತ್ತು. ವಾರಸುದಾರರು ಖುದ್ದಾಗಿ ಬರಬೇಕೆಂದು ವೀರು ತಾಯಿ ಮಗಳಿಬ್ಬರನ್ನೂ ಅದೇ ಕಾರಿನಲ್ಲಿ ಕೂರಿಸಿಕೊಂಡು ಹೋದ. ದಾರಿಯುದ್ದಕ್ಕೂ ಸಿಳ್ಳೆ ಹೊಡೆದ. ಮರಣದ ದಾಖಲೆ ಕೊಟ್ಟಾಯಿತು, ಒಪ್ಪಿಗೆಯ ಸಹಿಗಳೂ ಆದವು. ಕಿಟಕಿಯಾಚೆಯ ಗುಮಾಸ್ತ ತಲೆಯೆತ್ತಿದ.

"ಗಾಡಿ ಯಾರ ಹೆಸರಿಗೆ ಮಾಡೂದ್ರಿ?"

ತನ್ನ ಹೆಸರು ವೀರುವಿನ ತುಟಿಯ ತನಕ ಬಂದಿತ್ತು. ಮಾಟಗೀಟ ಎಲ್ಲ ಸುಳ್ಳು, ಖರೆ. ಆದರೂ...

"ಈಕಿ ಹೆಸರಿಗೆ ಮಾಡ್ರಿ," ಎಂದು ಹೆಂಡತಿಯನ್ನು ಮುಂದೆ ಮಾಡಿದ.

ಗಂಡನ ದೊಡ್ಡ ಮನಸ್ಸಿಗೆ ಸ್ನೇಹಾಳ ಕಣ್ಣು ತುಂಬಿ ಬಂತು. ಪಾಪ, ಹುಚ್ಚು ಹುಡುಗಿ! "ಹೌದ್ರಿ, ಗಾಡಿ ನಂದು," ಎಂದುಬಿಟ್ಟಳು. ಮಗಳ ಬಾಯಿ ಮುಚ್ಚಲೆಂದು ಅನ್ನಪೂರ್ಣವ್ವ ಚಾಚಿದ ಕೈ ಆಕೆಯನ್ನು ಮುಟ್ಟುವುದರೊಳಗೆ ಮಾತು ಹೊರಬಿದ್ದಿತ್ತು.

ತಿರುಗಿ ಹೊರಟಾಗ ಹೊತ್ತು ಇಳಿದಿತ್ತು. ಮುಳಗುಂದ ದಾಟಿತು. ಎರಡೂ ಕಡೆ ಕೊಯ್ಲು ಮುಗಿದ ಎರೆಹೊಲ, ಒಂದು ಹನಿ ಮಳೆಯಿಲ್ಲದ ಬೇಸಿಗೆ. ಆದರೂ ಕಾರಿನೊಳಗೆ ಹೊಳೆಯ ಕೆಸರು ನಾರತೊಡಗಿತು. ಅದರೊಳಗೆ ಸುಟ್ಟ ಕೂದಲಿನ ಕಮಟು. ಹಿಂದಿನ ಸೀಟಿನಲ್ಲಿ ಕೂತವಳು ಅತ್ತೆಯೊಬ್ಬಳೇ. ಆದರೆ ಆಕೆಯ ಪಕ್ಕದಲ್ಲಿ ಸೀಟಿನ ಸ್ಪ್ರಿಂಗು ಕಿರ್ರೆಂದು ಕುಸಿಯಿತು. ಒದ್ದೆ ಸೀರೆ ಹಿಂಡಿದಂತೆ ನೀರು ತೊಟ್ಟಿಕ್ಕುವ ಸಪ್ಪಳ.

"ಅಕ್ಕಾ, ಬ್ಯಾಡಬೇ," ಎಂದಳು ಅನ್ನಪೂರ್ಣವ್ವ, ಖಾಲಿ ಜಾಗಕ್ಕೆ. "ಕೂಸದು."

ವೀರು ಬ್ರೇಕ್ ತುಳಿದ. ಕಾರು ನಿಲ್ಲಲಿಲ್ಲ. ಚಾವಿ ತಿರುವಿದ. ಇಂಜಿನ್ ಸದ್ದಡಗಿತು. ಕಾರು ಓಡುತ್ತಲೇ ಇತ್ತು. ದೀಪ ಆರಿತು. ಗಾಜಿನಾಚೆ ಮಬ್ಬುಗತ್ತಲೆ. ಪಕ್ಕದಲ್ಲಿ ಗೊರಗೊರ ಸದ್ದು. ತಿರುಗಿ ನೋಡಿದ. ಸ್ನೇಹಾ ಎರಡೂ ಕೈಯಿಂದ ಗಂಟಲು ಹಿಡಿದುಕೊಂಡಿದ್ದಳು. ಬಾಯಿ ತೆರೆದಿತ್ತು. ಬಾಯಿತುಂಬ ಮಣ್ಣು. ಕರಿ ಮಣ್ಣು. ಹೊಳೆಯ ಮಣ್ಣು. ಉಕ್ಕುತ್ತಿತ್ತು. ಕೆನ್ನೆಯ ಮೇಲೆ ಇಳಿಯುತ್ತಿತ್ತು. ಬೆರಳು ಹಾಕಿ ತೆಗೆದ. ಮತ್ತೆ ತುಂಬಿತು. ಮತ್ತೆ ತೆಗೆದ. ಮತ್ತೆ ತುಂಬಿತು.

"ಅಳಿಯಾರ! ನಂದು ಅನ್ರಿ! ನೀವು ಅಂದ್ರ ಈಕಿನ್ನ ಬಿಡತೈತ್ರಿ!"

ಎರಡೇ ಶಬ್ದ. ಬೆಳಿಗ್ಗೆಯಿಂದ ನಕ್ಕ ಎರಡು ಶಬ್ದ. ವೀರು ಬಾಯಿ ತೆರೆದ. ಹೆಂಡತಿಯ ಕಣ್ಣು ಅವನನ್ನೇ ನೋಡುತ್ತಿತ್ತು. ಬಾಯಿ ಮುಚ್ಚಿದ. ಮುಖ ತಿರುಗಿಸಿದ. ಥೂ, ಗಂಡಸೇ!

ಅನ್ನಪೂರ್ಣವ್ವ ಇನ್ನು ಕಾಯಲಿಲ್ಲ. "ಗಾಡಿ ನಂದು! ಕೇಳಿದೇನಬೇ ಉಡಚಕ್ಕಾ? ನಂದು!"

ಯಳವತ್ತಿಯ ಹತ್ತಿರ ಕಾರು ತಾನಾಗಿ ನಿಂತಿತು. ಎಲ್ಲೋ ದೂರ ಟ್ರ್ಯಾಕ್ಟರೊಂದು ಸದ್ದು ಮಾಡುತ್ತಿತ್ತು. ಸ್ನೇಹಾ ಕೆಮ್ಮಿದಳು, ಮಣ್ಣು ಉಗುಳಿದಳು, ಎದೆತುಂಬ ಉಸಿರೆಳೆದಳು. ಆಮೇಲೆ ಹಿಂದೆ ತಿರುಗಿದಳು. ತಾಯಿ ನೆಟ್ಟಗೆ ಕೂತಿದ್ದಳು. ಕಣ್ಣು ತೆರೆದೇ ಇದ್ದವು, ಬಾಯಿಯೂ.

ವೀರು ಬಿಕ್ಕಿ ಬಿಕ್ಕಿ ಅಳತೊಡಗಿದ. ಸ್ನೇಹಾ ಅಳಲಿಲ್ಲ. ಸೆರಗಿನಿಂದ ತಾಯಿಯ ತುಟಿ ಒರೆಸಿದಳು, ಆಕೆಯ ಕಣ್ಣು ಮುಚ್ಚಿಸಿದಳು.

"ನನಗ ಎಲ್ಲಾ ಕೇಳಸ್ತಿತ್ರಿ," ಎಂದಳು ಗಂಡನಿಗೆ. "ನಿಮ್ಮ ಬಾಯಾಗೂ ಮಣ್ಣಿತ್ತೇನ್ರಿ?"